ಗೇಟಿನೊಳಗೆ ಬಂದ ಖಾಲಿ ಲಾರಿ

ನಮ್ಮಲ್ಲಿ ಕೆಲಸ ಬಿಡುವ ಡ್ರೈವರುಗಳು ಬಿಡುತ್ತೇನೆಂದು ಹೇಳಿ ಹೋಗುತ್ತಿರಲಿಲ್ಲ. ಜಗಲಿಯ ಅಂಚಿನಲ್ಲಿ ಸಾಲಾಗಿ ನನ್ನ ಆಂಥೂರಿಯಂ ಕುಂಡಗಳಿವೆ. ಅವುಗಳಲ್ಲಿ ಒಂದರ ಕೆಳಗಿನ ತಟ್ಟೆಯಲ್ಲಿ ಲಾರಿಯ ಕೀಲಿ ಇಟ್ಟು ಹೋಗಿಬಿಡುತ್ತಿದ್ದರು. ಮಾರನೆಯ ದಿನ ಬರುವವನಾದರೆ ಕೀಲಿಯನ್ನು ನನ್ನ ಕೈಗೇ ಕೊಟ್ಟು ‘ಬರ್ತೀನಿ ಮೇಡಂ’ ಅನ್ನುತ್ತಾನೆ. ತಟ್ಟೆಯ ನೀರಿನಲ್ಲಿ ಸಿಕ್ಕಿತೆಂದರೆ ಇನ್ನು ಅವನ ಮುಖ ನೋಡುವುದಿಲ್ಲ ಎಂದು ಅರ್ಥ. ಕಾಫಿ ಹಣ್ಣಿನ ಕೊಯ್ಲು ಆಗಷ್ಟೇ ಶುರುವಾಗಿದ್ದ ದಿನಗಳು. ಗಿಡಕ್ಕೆ ನೀರು ಹಾಕಲು ಹೋದವಳಿಗೆ ಎರಡು ತಟ್ಟೆಗಳಲ್ಲಿ ಎರಡು ಕೀಲಿ ಸಿಕ್ಕವು.

ಒಳಗೆ ನಮ್ಮವರು ಅಂಗಾತ ಮಲಗಿದ್ದರು. ಲೋಡಿನ ಮೇಲೆ ಟಾರ್ಪಾಲು ಬಿಗಿಯುವಾಗ ಹಗ್ಗ ಜಾರಿ ಬಿದ್ದು ಬೆನ್ನುಮೂಳೆಗೆ ಆಪರೇಷನ್ ಆಗಿತ್ತು. ಡಾಕ್ಟರು ಬೆಲ್ಟ್ ಹಾಕಿ, ಹೇಳುವವರೆಗೆ ಕೂರಲೂ ಬಾರದು ಎಂದಿದ್ದರು. ಒಂದು ಲಾರಿಯನ್ನು ಅವರೇ ಓಡಿಸುತ್ತಿದ್ದರು. ಈಗ ಅದೂ ಸೇರಿ ಐದು ಲಾರಿಗಳ ಉಸ್ತುವಾರಿ ನನ್ನ ಸೆರಗಿಗೆ ಬಂದು ಬಿದ್ದಿತ್ತು. ಅಲ್ಲಿಯವರೆಗೆ ನಾನು ಲಾರಿಗೆ ಮಾಡಿದ್ದ ಸೇವೆಯೆಂದರೆ ಆಯುಧಪೂಜೆಯ ದಿನ ಕುಂಕುಮ ಇಟ್ಟದ್ದು.

‘ಎಷ್ಟು ಕೀಲಿ?’ ಎಂದು ಅವರು ಮಲಗಿದಲ್ಲಿಂದಲೇ ಕೇಳಿದರು. ನನ್ನ ನಡಿಗೆಯ ಸದ್ದಿನಲ್ಲೇ ಅವರಿಗೆ ತಿಳಿದಿತ್ತು.

‘ಎರಡು.’

‘ಮುಗೀತು ಬಿಡು. ಇನ್ನಿಬ್ರಲ್ಲಿ ಐದು ಗಾಡಿ ಎಳಿಯೋಕೆ ಏನು ಎತ್ತಿನ ಗಾಡಿಯೇ ಅವು?’

ನಮ್ಮ ಕೆಲಸ ಎರಡು ಬಗೆಯದು. ಅಮ್ಮತ್ತಿ, ಸುಂಟಿಕೊಪ್ಪ ಕಡೆಯ ಎಸ್ಟೇಟುಗಳಿಂದ ಒಣಗಿದ ಕಾಫಿಯನ್ನು ಕುಶಾಲನಗರದ ಕ್ಯೂರಿಂಗ್ ವರ್ಕ್ಸಿಗೆ ತರುವುದು ಒಂದು. ಅಲ್ಲಿ ಸಿಪ್ಪೆ ತೆಗೆದು ಹಸನಾದ ಬೀಜವನ್ನು ಮಡಿಕೇರಿ ಹತ್ತಿಸಿ, ಸಂಪಾಜೆ ಘಾಟಿ ಇಳಿಸಿ ಮಂಗಳೂರು ಬಂದರಿಗೆ ಮುಟ್ಟಿಸುವುದು ಇನ್ನೊಂದು. ಮಳೆಗಾಲದಲ್ಲಿ ಘಾಟಿಯಲ್ಲಿ ಭಾರಿ ವಾಹನ ಬಿಡುವುದೇ ಅನುಮಾನ. ಹಾಗಾಗಿ ಕೊಯ್ಲಿನ ತಿಂಗಳುಗಳ ದುಡಿಮೆಯಲ್ಲೇ ವರ್ಷ ಕಳೆಯಬೇಕು. ಅದೇ ದಿನ ಹತ್ತು ಗಂಟೆಗೆ ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರ್ ಫೋನ್ ಮಾಡಿದರು.

‘ಮೇಡಂ, ಯಜಮಾನ್ರ ಮುಖ ನೋಡ್ಕೊಂಡು ಇಷ್ಟು ದಿನ ತಡ್ಕೊಂಡೆ. ಮೈಸೂರಿನ ಕಂಪನಿಯವರು ದಿನಾ ಬಂದು ಕೂರ್ತಾರೆ. ಈ ತಿಂಗಳ ಒಳಗೆ ಗಾಡಿ ಸರಿಯಾಗಿ ನಿಲ್ಲಲಿಲ್ಲ ಅಂದ್ರೆ ಕಾಂಟ್ರ್ಯಾಕ್ಟ್ ಪೂರಾ ಅವರಿಗೆ. ಬೇಜಾರು ಮಾಡ್ಕೋಬೇಡಿ.’

ಬೇಜಾರಿಲ್ಲ, ಥ್ಯಾಂಕ್ಯೂ ಎಂದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಬಾಯಿಗೆ ತಾನಾಗಿ ಬರುತ್ತದೆ. ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಆ ಕಾಂಟ್ರ್ಯಾಕ್ಟ್ ಹೋದರೆ ಲಾರಿಗಳು ಹೋದ ಹಾಗೆ. ಲಾರಿಗಳು ಹೋದರೆ, ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ ಮಾವನವರು ಕಟ್ಟಿದ್ದೆಲ್ಲ ಹೋದ ಹಾಗೆ. ಒಳಗೆ ಮಲಗಿದವರು ಯಾವ ಬಲದಿಂದ ಎದ್ದು ನಿಲ್ಲಬೇಕು?

ಡ್ರೈವರ್ ಹುಡುಕುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುಂಟಿಕೊಪ್ಪದ ಹೋಟೆಲುಗಳಲ್ಲಿ, ಪಂಕ್ಚರ್ ಅಂಗಡಿಗಳಲ್ಲಿ, ಕುಶಾಲನಗರದ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿ ಬಂದೆ. ಬಂದವರ ಲೈಸೆನ್ಸ್ ನಂಬರನ್ನು ಮೊಬೈಲಿನಲ್ಲಿ ಹಾಕಿ, ಲಾರಿ ಓಡಿಸುವ ಹೆವಿ ಲೈಸೆನ್ಸೇ, ಅವಧಿ ಮುಗಿದಿಲ್ಲವೇ ಎಂದು ನೋಡುವುದನ್ನು ನಮ್ಮವರಿಂದ ಕಲಿತೆ. ಮೊದಲು ಬಂದವನ ಶರ್ಟು ಇಸ್ತ್ರಿಯಾಗಿತ್ತು, ಮಾತು ನಯವಾಗಿತ್ತು, ಲೈಸೆನ್ಸ್ ಮಾತ್ರ ಕಾರಿನದು.

‘ಘಾಟಿಗೆ ಬೇಡ ಮೇಡಂ. ಎಸ್ಟೇಟ್ ರೋಡಲ್ಲಿ ಓಡಿಸ್ತೀನಿ. ಅಲ್ಲಿ ಯಾರು ಕೇಳ್ತಾರೆ?’

ಯಾರೂ ಕೇಳುವುದಿಲ್ಲ ಎಂಬುದು ನಿಜ. ಅಂಗಳದಲ್ಲಿ ನಿಂತ ಲಾರಿಗಳ ಟೈರಿನ ಮೇಲೆ ಜೇಡ ಬಲೆ ಕಟ್ಟಿದ್ದು ಕಾಣುತ್ತಿತ್ತು. ಒಂದು ಗಳಿಗೆ ಮನಸ್ಸು ಹೌದೆಂದಿತು. ಆದರೆ ಅದೇ ಎಸ್ಟೇಟ್ ರಸ್ತೆಗಳಲ್ಲಿ ಲೈನ್ ಮನೆಗಳ ಕೂಲಿ ಹೆಂಗಸರು ಚೀಲ ಹೊತ್ತು ಸಾಲಾಗಿ ನಡೆಯುತ್ತಾರೆ. ಕಾಫಿ ಕುಡಿಸಿ ಕಳುಹಿಸಿದೆ.

ಎರಡನೆಯವನಿಗೆ ಎಲ್ಲ ಇತ್ತು. ಹೆವಿ ಲೈಸೆನ್ಸ್, ಬಹಳ ವರ್ಷದ ಅನುಭವ, ಮೀಸೆ. ಮಂಗಳೂರಿನ ಲೋಡಿನಲ್ಲಿ ಪರೀಕ್ಷೆ ಮಾಡೋಣವೆಂದು, ನಮ್ಮಲ್ಲಿ ಉಳಿದ ಇಬ್ಬರಲ್ಲಿ ಹಿರಿಯ ಡ್ರೈವರನ್ನು ಪಕ್ಕದಲ್ಲಿ ಕೂರಿಸಿ ನಾನೂ ಕ್ಯಾಬಿನ್ ಹತ್ತಿದೆ. ಈ ಹಿರಿಯ ಡ್ರೈವರ್ ಸುಂಟಿಕೊಪ್ಪದವರು, ಮನೆಮಾತು ಮಲಯಾಳ, ಮಾವನವರ ಕಾಲದಿಂದ ಇದ್ದವರು. ಮಡಿಕೇರಿವರೆಗೆ ಹೊಸಬ ಚೆನ್ನಾಗಿಯೇ ಓಡಿಸಿದ. ಘಾಟಿ ಶುರುವಾದ ಮೇಲೆ ಎಂಜಿನ್ನಿನ ಸದ್ದು ತಟ್ಟನೆ ಸಣ್ಣದಾಯಿತು. ಲಾರಿ ಹಗುರಾಗಿ ತೇಲಿದಂತೆ ಇಳಿಯತೊಡಗಿತು. ತಿರುವಿಗೊಂದು ಸಲ ಬ್ರೇಕು. ಸ್ವಲ್ಪ ಹೊತ್ತಿಗೆ, ಇಸ್ತ್ರಿಪೆಟ್ಟಿಗೆ ಮರೆತು ಉಣ್ಣೆ ಬಟ್ಟೆ ಸುಟ್ಟಂಥ ವಾಸನೆ ಬಂತು.

‘ಏನೋ ಸುಡ್ತಾ ಇದೆ’ ಅಂದೆ.

‘ಗೇರ್ ತೆಗ್ದು ನ್ಯೂಟ್ರಲ್ ಮಾಡಿದೀರಾ ಮಾರಾಯ್ರೇ?’ ಹಿರಿಯರ ದನಿ ಏರಿತು. ‘ಹಿಂದೆ ಲೋಡ್ ಉಂಟು!’

‘ಡೀಸೆಲ್ ಉಳಿಸ್ತಾ ಇದೀನಣ್ಣ. ಓನರ್ ಪಕ್ಕದಲ್ಲೇ ಕೂತವ್ರೆ, ನೋಡ್ಲಿ ಅಂತ.’

‘ದಯವಿಟ್ಟು ನಿಲ್ಲಿಸಿ’ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಗೇರಿಗೆ ಹಾಕಿ, ವೇಗ ಇಳಿಸಿ, ಗುಡ್ಡದ ಬದಿಗೆ ನಿಲ್ಲಿಸುವವರೆಗೆ ಹಿರಿಯರ ಕೈ ಸ್ಟೀರಿಂಗ್ ಮೇಲೇ ಇತ್ತು. ಇಳಿದು ನೋಡಿದರೆ ಹಿಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಅದು ಆರುವವರೆಗೆ ಕಾದು, ಹಿರಿಯರು ಎರಡನೆಯ ಗೇರಿನಲ್ಲಿ, ಎಂಜಿನ್ನೇ ಲಾರಿಯನ್ನು ಹಿಡಿದುಕೊಳ್ಳುವಂತೆ ಸಂಪಾಜೆವರೆಗೆ ಇಳಿಸಿದರು. ನಾನು ಅಲ್ಲಿಂದ ಸರ್ಕಾರಿ ಬಸ್ಸಿನಲ್ಲಿ ವಾಪಸ್ಸಾದೆ. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಆ ಮೀಸೆಯವನೂ ಇದ್ದ. ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಮೂರನೆಯವನು ತುಮಕೂರಿನ ಕಡೆಯವನು. ಘಾಟಿ ಪರೀಕ್ಷೆಯಲ್ಲಿ ಹಿರಿಯರು ‘ಕೈ ಒಳ್ಳೆದುಂಟು’ ಎಂದರು. ದೇವರಿಗೆ ದೀಪ ಹಚ್ಚಿದೆ. ಮಾರನೆಯ ಬೆಳಿಗ್ಗೆ ಅಮ್ಮತ್ತಿ ಹತ್ತಿರದ ಎಸ್ಟೇಟಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಅಲ್ಲಿ ಲೆಕ್ಕಪತ್ರ ನೋಡುವ ರೈಟರ್ ಫೋನ್ ಮಾಡಿದರು.

‘ಮೇಡಂ, ನಿಮ್ಮ ಲಾರಿ ನಮ್ಮ ಗೇಟಲ್ಲಿದೆ, ಡ್ರೈವರ್ ನಮ್ಮ ಮಂಚದ ಕೆಳಗಿದ್ದಾನೆ. ರೋಡಲ್ಲಿ ಆನೆ ನಿಂತಿತ್ತು. ಅದು ತೋಟ ಇಳಿದು ಹೋಗಿ ಎಷ್ಟೋ ಹೊತ್ತಾಯ್ತು. ಹೇಳಿದ್ರೆ ನಂಬ್ತಾ ಇಲ್ಲ, ನೀವೇ ಮಾತಾಡಿ.’

ಫೋನು ಮಂಚದ ಕೆಳಗೆ ಹೋದದ್ದು ಕೇಳಿಸಿತು.

‘ಮೇಡಂ, ಲಾರಿ ಓಡ್ಸು ಅಂದ್ರೆ ಚೀನಾ ಗಡಿಗಾದ್ರೂ ಓಡ್ಸ್‌ತೀನಿ. ನಾನು ಹಾರ್ನ್ ಹೊಡುದ್ರೆ ಅದೂ ತಿರುಗಿ ಹಾರ್ನ್ ಹೊಡೀತದೆ! ನಮ್ಮವ್ವ ನನ್ನ ಇದ್ಕೆ ಹೆತ್ತಿಲ್ಲ.’

ಅವನು ಅವತ್ತೇ ಊರಿನ ಬಸ್ಸು ಹತ್ತಿದ. ಇದನ್ನು ಕೇಳಿ ನಮ್ಮವರು ಬೆನ್ನು ನೋಯುವಷ್ಟು ನಕ್ಕರು. ನಗುತ್ತಲೇ ಅವರ ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಹೋಯಿತು. ಅದು ನಗುವಿನದಲ್ಲ ಎಂದು ನನಗೆ ಗೊತ್ತಾಯಿತು. ದಿಂಬಿನ ಕವರು ಬದಲಿಸಿ, ಗೊತ್ತಾಗದವಳಂತೆ ಹೊರಬಂದೆ.

ಇದರ ನಡುವೆ ಇನ್ನೊಂದು ಪೆಟ್ಟು. ಮಂಗಳೂರಿಗೆ ಕಾಫಿ ಇಳಿಸಿದ ಲಾರಿಗಳು ಅಲ್ಲಿ ವಾಪಸ್ ಲೋಡಿಗೆ ಕಾಯುತ್ತವೆ. ಬ್ರೋಕರ್ ಕೂಗಿದಾಗ ಗೊಬ್ಬರ, ಸಿಮೆಂಟು, ಟೈಲ್ಸು, ಒಣಮೀನು, ಸಿಕ್ಕಿದ್ದನ್ನು ತುಂಬಿಕೊಂಡು ಘಾಟಿ ಹತ್ತುತ್ತವೆ. ಖಾಲಿ ಬರುವುದೆಂದರೆ ನಮ್ಮ ಮನೆಯಲ್ಲಿ ಅಪಶಕುನ. ಮಾವನವರು ಖಾಲಿ ಲಾರಿಯನ್ನು ಗೇಟಿನೊಳಗೆ ಬಿಡುತ್ತಲೇ ಇರಲಿಲ್ಲ. ಹೊರಗೆ ನಿಲ್ಲಿಸಿ, ಒಂದು ಹೊರೆ ಸೌದೆಯನ್ನಾದರೂ ಹಾಕಿಸಿಯೇ ಗೇಟು ತೆಗೆಸುತ್ತಿದ್ದರಂತೆ. ನಮ್ಮವರೂ ಅದನ್ನೇ ಪಾಲಿಸಿದ್ದರು. ಆ ವಾರ, ಗೊಬ್ಬರ ತಂದಿದ್ದ ಲಾರಿಯನ್ನು ತೊಳೆದು ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸಿದರೆ, ಅಲ್ಲಿನ ಇನ್ಸ್‌ಪೆಕ್ಟರ್ ಹಲಗೆಗೆ ಮೂಗಿಟ್ಟು ನೋಡಿ ವಾಪಸ್ ಕಳಿಸಿದ. ಕಾಫಿ ಬೀಜ ಹತ್ತಿರ ಇರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮತ್ತೆ ತೊಳೆದು, ಹಲಗೆಯ ಸಂದುಗಳನ್ನು ಕೆರೆದು, ಬಿಸಿಲಿಗೆ ಒಣಗಿಸಬೇಕು. ಒಣಗಿಸುವವರು ಡ್ರೈವರೇ. ಅವತ್ತು ಭಾನುವಾರ ಬೇರೆ.

ಸೋಮವಾರ ಬೆಳಿಗ್ಗೆ ಹಿರಿಯ ಡ್ರೈವರ್ ಜಗಲಿಗೆ ಬಂದು ನಿಂತರು. ಅವರೊಬ್ಬರು ಮಾತ್ರ ಕೀಲಿಯನ್ನು ತಟ್ಟೆಯಲ್ಲಿ ಇಡುವವರಲ್ಲ.

‘ಮೇಡಂ, ನಂಗೆ ಕುಶಾಲನಗರದಲ್ಲಿ ಸ್ಕೂಲ್ ಬಸ್ ಸಿಗ್ತದೆ. ಸಂಬಳ ಕಡಿಮೆ. ಆದ್ರೂ ಹೋಗುದು ಅಂತ ಮಾಡಿದ್ದೇನೆ.’

‘ನಮ್ಮಿಂದ ಏನಾದ್ರೂ ತಪ್ಪಾಯ್ತಾ?’

‘ನಿಮ್ಮಿಂದ ಎಂಥ ತಪ್ಪು? ನೀವು ಪ್ಲೀಸ್ ಅಂತ ಹೇಳುವವರು.’ ಆಮೇಲೆ ನೆಲ ನೋಡಿ, ‘ಈ ವಾರ ಇರ್ತೇನೆ. ಯಜಮಾನ್ರಿಗೆ ನೀವೇ ಹೇಳಿ. ನನ್ನ ಕೈಯಲ್ಲಿ ಆಗುದಿಲ್ಲ’ ಅಂದರು.

ಅವರು ಹೋದ ಮೇಲೆ ಸಾಮಾನು ಕೋಣೆಗೆ ಹೋಗಿ, ಮಡಚಿಟ್ಟ ಟಾರ್ಪಾಲಿನ ಮೇಲೆ ಕುಳಿತು ಅತ್ತೆ. ಅಳುವಾಗಲೂ ಬಾಗಿಲು ಸದ್ದಾಗದಂತೆ ಹಾಕಿಕೊಂಡಿದ್ದೆ. ಕೈಗೆ ಸಿಕ್ಕ ದಾರಿಗಳೆಲ್ಲ ಮುಗಿದಿದ್ದವು. ಅತ್ತು ಮುಗಿದ ಮೇಲೆ ಟಾರ್ಪಾಲಿನ ವಾಸನೆ ಮೂಗಿಗೆ ಬಂತು. ಗೊಬ್ಬರದ್ದು. ತೊಳೆದ ಬಟ್ಟೆಯಲ್ಲೂ ಉಳಿಯುವಂಥದ್ದು. ಈ ವಾಸನೆ ಹೊತ್ತ ಲುಂಗಿಯನ್ನು ಅವರ ಮನೆಯಲ್ಲಿ ಯಾರು ಒಗೆಯುತ್ತಾರೆ ಎಂಬ ಯೋಚನೆ ಬಂತು. ಇಷ್ಟು ದಿನ ಡ್ರೈವರುಗಳನ್ನು ಕೇಳಿದ್ದೆ. ಆ ಮನೆಯವರನ್ನು ಕೇಳಿರಲಿಲ್ಲ.

ಅವತ್ತೇ ಮಧ್ಯಾಹ್ನ ಸುಂಟಿಕೊಪ್ಪಕ್ಕೆ ಹೋದೆ. ಹಿರಿಯ ಡ್ರೈವರ್ ಎಸ್ಟೇಟ್ ಲೋಡಿಗೆ ಹೋಗಿದ್ದರು. ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ಗುರುತು ಹಿಡಿದು, ಸೆರಗು ಸರಿಮಾಡಿಕೊಂಡು ಗಾಬರಿಯಾದರು. ‘ಅವರಿಗೆ ಏನಾದ್ರೂ ಆಯ್ತಾ ಅಕ್ಕಾ?’

ಏನೂ ಆಗಿಲ್ಲ ಎಂದು ನಂಬಿಸುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಯಾರಾದರೂ ಅಪರೂಪಕ್ಕೆ ಬಾಗಿಲು ತಟ್ಟಿದರೆ ಅವರಿಗೆ ಮೊದಲು ಹೊಳೆಯುವುದು ಅದೇ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟದ್ದು ಕಂಡಿತು.

‘ಅದು ನಿನ್ನೆದು’ ಅಂದರು. ‘ಲಾರಿ ಒಣಗಿಸ್ಲಿಕ್ಕೆ ನಿಂತವರು ಊಟಕ್ಕೇ ಬರ್ಲಿಲ್ಲ. ಇವತ್ತಿನದು ಒಲೆ ಮೇಲೆ ಉಂಟು. ಮಂಗಳೂರಿಗೆ ಹೋದ್ರಂತೂ ಯಾವಾಗ ಬರ್ತಾರೆ ಹೇಳ್ಲಿಕ್ಕಾಗುದಿಲ್ಲ. ಲೋಡ್ ಸಿಕ್ಕಿದ್ರೆ ಬರುದು. ಬಂದ ದಿನ ಹಸಿದು ಬರ್ತಾರೆ, ಅದಕ್ಕೆ ದಿನಾ ಮಾಡುದು. ಬರದಿದ್ರೆ ಕೋಳಿಗೆ. ನಮ್ಮ ಕೋಳಿ ನೋಡಿ ಅಕ್ಕಾ, ಡ್ರೈವರಿಗಿಂತ ದಪ್ಪ ಆಗಿದೆ.’

ಇಬ್ಬರೂ ನಕ್ಕೆವು. ಬಾಗಿಲಾಚೆ ಕೋಳಿ ನಿಜವಾಗಿಯೂ ದಪ್ಪಗಿತ್ತು. ಹಿತ್ತಲಲ್ಲಿ ಒಂದು ಬಕೆಟ್ ಬೇರೆಯೇ ಇತ್ತು, ಲುಂಗಿ ನೆನೆಸಿದ್ದು.

‘ಸಂಬಳ ಸಾಲದು ಅಂತ ಅಲ್ವಾ?’

‘ಸಂಬಳ ಯಾರಿಗೆ ಸಾಲ್ತದೆ? ಅದಲ್ಲ. ಮಗಳನ್ನು ನೋಡ್ಲಿಕ್ಕೆ ಜನ ಬಂದಿದ್ರು. ಅಪ್ಪ ಎಲ್ಲಿ ಅಂದ್ರು. ಎಲ್ಲಿ ಅಂತ ಹೇಳ್ಲಿ? ಮಂಗಳೂರಲ್ಲಿ ಗೊಬ್ಬರಕ್ಕೆ ಕಾಯ್ತಾ ಇದ್ದಾರೆ ಅಂತ ಹೇಳುದಾ? ಬರುವ ದಿನ ಗೊತ್ತಿದ್ರೆ ಸಾಕಿತ್ತು ಅಕ್ಕಾ. ದೂರ ಹೋಗುದು ಕಷ್ಟ ಅಲ್ಲ.’

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಬೇರೆ ಏನೂ ಕಾಣಲಿಲ್ಲ. ಮುಚ್ಚಿಟ್ಟ ಆ ತಟ್ಟೆಯೇ.

ಮನೆಗೆ ಬಂದು ನಮ್ಮವರ ಹಾಸಿಗೆಯ ಪಕ್ಕ ಸ್ಟೂಲು ಹಾಕಿ ಕುಳಿತೆ. ‘ಮಂಗಳೂರಿಂದ ನಮ್ಮ ಗಾಡಿಗಳು ಖಾಲಿ ಬರಲಿ’ ಅಂದೆ.

ನಾನು ಜ್ವರದಲ್ಲಿದ್ದೇನೇನೋ ಎಂಬಂತೆ ನೋಡಿದರು.

‘ಕಾಫಿ ಇಳಿಸಿದ ಕೂಡಲೇ ಹೊರಟುಬಿಡಲಿ. ಸಂಜೆಗೆ ಮನೆ. ಹಿರಿಯರ ಮನೇಲಿ ದಿನಾ ಅನ್ನ ಮುಚ್ಚಿಟ್ಟು ಕಾಯ್ತಾರೆ. ಮಾರನೇ ಬೆಳಿಗ್ಗೆ ಅದೇ ಗಾಡಿ ಎಸ್ಟೇಟ್ ಲೋಡಿಗೆ ನಿಲ್ಲುತ್ತೆ. ತೊಳೆಯೋದಿಲ್ಲ, ಒಣಗಿಸೋದಿಲ್ಲ.’

‘ಖಾಲಿ ಗಾಡಿ ಘಾಟಿ ಹತ್ತೋದಾ?’ ಅವರು ತಲೆ ಎತ್ತಲು ಹೋಗಿ ನೋವಿಗೆ ಹಲ್ಲು ಕಚ್ಚಿದರು. ‘ಊರೋರೆಲ್ಲ ಏನಂತಾರೆ? ಅಪ್ಪ ಇದ್ದಿದ್ರೆ ಗೇಟಿಗೆ ಅಡ್ಡ ಮಲಗೋರು. ಡೀಸೆಲ್ ಏನು ಕಾವೇರಿ ನೀರು ಅಂದ್ಕೊಂಡ್ಯಾ?’

‘ಈಗ ಮೂರು ಗಾಡಿ ಅಂಗಳದಲ್ಲಿ ಖಾಲಿ ನಿಂತಿವೆ. ಅದು ಖಾಲಿ ಅಲ್ವಾ?’

‘ನಿಂತಿರೋದು ಬೇರೆ, ಖಾಲಿ ಓಡೋದು ಬೇರೆ. ನಿಂಗೆ ಗೊತ್ತಾಗಲ್ಲ.’

‘ಗೊತ್ತಾಗಲ್ಲ, ನಿಜ’ ಅಂದೆ. ‘ಹಿರಿಯರು ಸ್ಕೂಲ್ ಬಸ್ಸಿಗೆ ಹೋಗ್ತಾರಂತೆ. ಹೇಳೋಕೆ ಅವರಿಗೆ ಬಾಯಿ ಬರಲಿಲ್ಲ.’

ಆ ಮಾತಿಗೆ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಬೆಲ್ಟ್ ಹಾಕಿದವರಿಗೆ ತಿರುಗಿಸಲು ಬರುವುದು ಅಷ್ಟೇ. ಗೋಡೆ ನೋಡುತ್ತಲೇ ‘ಏನಾದ್ರೂ ಮಾಡ್ಕೊ’ ಅಂದರು. ಒಪ್ಪಿಗೆಯಲ್ಲ ಅದು. ಕೈಚೆಲ್ಲಿದ ಮಾತು. ನನಗೆ ಅಷ್ಟೇ ಸಿಕ್ಕಿತ್ತು, ಅದನ್ನೇ ಹಿಡಿದುಕೊಂಡೆ.

ಮಾರನೆಯ ದಿನ ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರ್ ಎದುರಿಗೆ ಹೋಗಿ ಕುಳಿತೆ. ಐದು ಲಾರಿ ಕೊಡುತ್ತೇನೆಂದು ಸುಳ್ಳು ಹೇಳಲಿಲ್ಲ. ಸದ್ಯಕ್ಕೆ ಕಡಿಮೆ ಲಾರಿ, ಆದರೆ ಹೇಳಿದ ಹೊತ್ತಿಗೆ. ಕಾಫಿ ಬಿಟ್ಟು ಬೇರೇನನ್ನೂ ಮುಟ್ಟದ ಲಾರಿ. ನಿಮ್ಮ ಇನ್ಸ್‌ಪೆಕ್ಟರ್ ಯಾವಾಗ ಬೇಕಾದರೂ ಹಲಗೆಗೆ ಮೂಗಿಟ್ಟು ನೋಡಲಿ. ಪ್ರತಿಯಾಗಿ, ನಮ್ಮವರನ್ನು ಲೋಡಿಗೆ ಬೆಳಿಗ್ಗೆ ಮೊದಲ ಸರದಿಯಲ್ಲಿ ಬಿಡಬೇಕು. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

‘ಮೈಸೂರಿನವರ ಗಾಡಿ ನಿನ್ನೆ ಒಣಮೀನು ವಾಸನೆ ಹೊಡೀತಿತ್ತು’ ಅಂದರು ಕೊನೆಗೆ. ‘ಸರಿ. ಕೊಯ್ಲು ಮುಗಿಯೋ ತನಕ ನೋಡ್ತೀನಿ. ಒಂದೇ ಒಂದು ಬೆಳಿಗ್ಗೆ ಗಾಡಿ ಬರಲಿಲ್ಲ ಅಂದ್ರೆ ಅವತ್ತಿಗೆ ಮುಗೀತು ಮೇಡಂ. ಫೋನೂ ಮಾಡಲ್ಲ ನಾನು.’

ತಟ್ಟೆಯಲ್ಲಿ ಕೀಲಿ ಇಟ್ಟು ಹೋದವರ ಮನೆಗಳಿಗೂ ಹೋದೆ. ಒಂದು ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ಇನ್ನೊಂದರಲ್ಲಿ ಡ್ರೈವರ್ ಹಿತ್ತಲಿಗೆ ಹೋಗಿ ನಿಂತುಬಿಟ್ಟ. ಅವನ ತಾಯಿಯೊಡನೆ ಮಾತಾಡಿದೆ. ‘ಸಂಜೆಗೆ ಬರ್ತಾನೆ ಅಂದ್ರೆ ಬರ್ತಾನಾ?’ ಎಂದು ಆಕೆ ಮೂರು ಸಲ ಕೇಳಿ, ಹಿತ್ತಲ ಕಡೆ ತಿರುಗಿ ‘ಏಯ್, ಬಾ ಇಲ್ಲಿ, ಮೇಡಮ್ಮಾರಿಗೆ ಮುಖ ತೋರ್ಸು’ ಎಂದು ಗದರಿಸಿದಳು. ಅವನು ಬಂದ. ಮಾರನೆಯ ಬೆಳಿಗ್ಗೆ ಕೆಲಸಕ್ಕೂ ಬಂದ. ಹಿರಿಯ ಡ್ರೈವರ್ ಮಾತ್ರ ನನ್ನ ಮಾತನ್ನೆಲ್ಲ ಕೇಳಿ ತಲೆಯಲ್ಲಾಡಿಸಿದರು.

‘ಯಜಮಾನ್ರು ಬಿಡ್ಲಿಕ್ಕಿಲ್ಲ ಮೇಡಂ. ನೀವು ಹೇಳ್ತೀರಿ, ಅವರು ಮಲಗಿದಲ್ಲಿಂದ ಫೋನ್ ಮಾಡ್ತಾರೆ. ಒಂದು ಸಲ ನೋಡುವ. ಆಮೇಲೆ ಬಸ್ಸಿನವರಿಗೆ ಹೇಳ್ತೇನೆ.’

ಗುರುವಾರ ನಸುಕಿನಲ್ಲೇ ಅವರು ಮಂಗಳೂರಿನ ಲೋಡು ತೆಗೆದುಕೊಂಡು ಹೊರಟರು. ಹನ್ನೊಂದರ ಸುಮಾರಿಗೆ ಕಾಫಿ ಇಳಿಸಿದ್ದೇನೆಂದು ಫೋನ್ ಬಂತು. ಅದರ ಬೆನ್ನಿಗೇ ನಮ್ಮವರ ಮೊಬೈಲು ಬಡಿದುಕೊಂಡಿತು. ಮಂಗಳೂರಿನ ಬ್ರೋಕರ್. ಸ್ಪೀಕರಿನಲ್ಲಿ ಹಾಕಿ ಎದೆಯ ಮೇಲಿಟ್ಟುಕೊಂಡರು.

‘ಎಂತ ಸಾವ್ಕಾರ್ರೇ, ನಿಮ್ಮ ಗಾಡಿ ಖಾಲಿ ಹೋಗ್ತಾ ಉಂಟಂತೆ! ಟೈಲ್ಸ್ ರೆಡಿ ಉಂಟು, ಮಡಿಕೇರಿಗೇ. ನಾಳೆ ಬೆಳಿಗ್ಗೆ ತುಂಬಿಸಿ ಬಿಡುವ. ನಿಮ್ಮ ಡ್ರೈವರ್ ಬೇಡ ಅಂತಾನೆ. ನೀವೊಂದು ಮಾತು ಹೇಳಿ.’

ನಾನು ಬಾಗಿಲ ಬಳಿ ನಿಂತಿದ್ದೆ, ಕೈಯಲ್ಲಿ ಗಂಜಿಯ ಬಟ್ಟಲು. ಅವರು ಚಾವಣಿ ನೋಡುತ್ತಿದ್ದರು. ಟೈಲ್ಸಿಗೆ ವಾಸನೆಯಿಲ್ಲ, ತೊಳೆಯುವ ಕೆಲಸವಿಲ್ಲ, ಒಂದೇ ರಾತ್ರಿ ತಾನೇ ಎಂದು ಅವರ ಮನಸ್ಸು ಹೇಳುತ್ತಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಸುಂಟಿಕೊಪ್ಪದ ಆ ಅಡುಗೆಮನೆಗೆ ಬೆಳಿಗ್ಗೆಯೇ ಫೋನ್ ಮಾಡಿ ‘ಇವತ್ತು ಸಂಜೆ’ ಎಂದು ಹೇಳಿಬಿಟ್ಟಿದ್ದೆ.

ಅವರು ಫೋನನ್ನು ಎದೆಯಿಂದೆತ್ತಿ ನನ್ನ ಕಡೆ ಚಾಚಿದರು. ‘ನೀನೇ ಹೇಳು.’

‘ಕ್ಷಮಿಸಿ’ ಅಂದೆ. ‘ನಮ್ಮ ಗಾಡಿಗೆ ಲೋಡ್ ಬೇಡ. ಥ್ಯಾಂಕ್ಯೂ.’

‘ಮೇಡಂ, ಇದು ಲಾರಿ. ಸ್ಕೂಲ್ ಬಸ್ ಅಲ್ಲ!’ ಅತ್ತಲಿಂದ ಯಾರೋ ಜೋರಾಗಿ ನಕ್ಕರು. ‘ಕಾನ್ವೆಂಟ್ ಲಾರಿ ಹೋಗ್ತಾ ಉಂಟು, ದಾರಿ ಬಿಡಿ’ ಎಂದು ಕೂಗಿದ್ದೂ ಕೇಳಿಸಿತು. ನಮ್ಮವರ ಕಿವಿ ಕೆಂಪಾಯಿತು. ಅವತ್ತು ಅವರು ಗಂಜಿ ಕುಡಿಯಲಿಲ್ಲ.

ಸಂಜೆ ಬಿಸಿಲು ಇನ್ನೂ ತೋಟದ ಸಿಲ್ವರ್ ಓಕ್ ಮರಗಳ ತುದಿಯಲ್ಲಿರುವಾಗ ಏರಿನ ಕೆಳಗೆ ಲಾರಿಯ ಸದ್ದಾಯಿತು. ಲೋಡಿದ್ದರೆ ಎಂಜಿನ್ ನರಳುತ್ತದೆ. ಇದು ನರಳಲಿಲ್ಲ. ಬದಲಿಗೆ ಹಿಂಬಾಗಿಲಿನ ಚೈನುಗಳು ಕಬ್ಬಿಣಕ್ಕೆ ಬಡಿದು ಝಲ್ ಝಲ್ ಎನ್ನುತ್ತಿದ್ದವು. ಊರಿಗೆಲ್ಲ ಕೇಳುವಂಥ ಸದ್ದು. ನಮ್ಮವರು ಹಲ್ಲುನೋವು ಬಂದವರಂತೆ ಕಣ್ಣು ಮುಚ್ಚಿದರು.

ಲಾರಿ ಗೇಟಿನ ಹೊರಗೆ ನಿಂತಿತು. ಹೋಗಿ ನೋಡಿದರೆ ಹಿರಿಯ ಡ್ರೈವರ್ ಇಳಿದು, ಬೇಲಿಯ ಬುಡದಲ್ಲಿ ಒಣ ಕೊಂಬೆ ಆರಿಸುತ್ತಿದ್ದರು. ಸೌದೆ ಹಾಕದೆ ಒಳಗೆ ತರುವ ಧೈರ್ಯ ಅವರಿಗಿರಲಿಲ್ಲ. ನನಗೂ ‘ಬನ್ನಿ’ ಎನ್ನಲು ನಾಲಿಗೆ ಏಳಲಿಲ್ಲ. ಅಗುಳಿಯ ಮೇಲೆ ಕೈಯಿಟ್ಟು ನಿಂತೆ.

ಒಳಗಿನಿಂದ ನಮ್ಮವರ ದನಿ ಬಂತು. ಬೆನ್ನು ಹಿಡಿದ ಮನುಷ್ಯ ಅಷ್ಟು ಜೋರಾಗಿ ಕೂಗಬಾರದಿತ್ತು.

‘ಏನ್ ಮಾಡ್ತಾ ಇದೀರಿ ಅಲ್ಲಿ? ಗೇಟ್ ತೆಗೀರಿ! ಅವರ ಮನೇಲಿ ಅನ್ನ ಆರೋಗ್ತದೆ!’

ಹಿರಿಯರ ಕೈಯಿಂದ ಕೊಂಬೆಗಳು ಕೆಳಗೆ ಬಿದ್ದವು. ಗೇಟಿನ ಅಗುಳಿಯನ್ನು ನಾನೇ ತೆಗೆದೆ. ಲಾರಿ ಚೈನು ಬಡಿದುಕೊಳ್ಳುತ್ತ ಅಂಗಳ ದಾಟಿ ತನ್ನ ಜಾಗದಲ್ಲಿ ನಿಂತಿತು. ಅವರು ಬಂದು ಕೀಲಿಯನ್ನು ನನ್ನ ಅಂಗೈಗೆ ಕೊಟ್ಟರು. ಕಬ್ಬಿಣ ಬೆಚ್ಚಗಿತ್ತು.

‘ಬರ್ತೇನೆ ಮೇಡಂ’ ಅಂದರು. ಬಸ್ಸಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ನಮ್ಮವರ ಹತ್ತಿರ ಹೋದೆ. ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು.

‘ಆ ಸದ್ದು ಕೇಳೋಕಾಗಲ್ಲ ಕಣೇ’ ಅಂದರು. ‘ನಾಳೆ ಆ ಚೈನಿಗೆ ಒಂದು ಗೋಣಿ ಸುತ್ತಿಸು.’

ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಮಾರನೆಯ ದಿನ ಹಳೆಯ ಕಾಫಿ ಗೋಣಿಗಳನ್ನು ಕತ್ತರಿಸಿ, ಚೈನಿಗೆ ತೊಡಿಸುವ ಉದ್ದ ತೋಳಿನಂತೆ ಹೊಲಿಯಲು ಕುಳಿತೆ. ಅಂಚು ಬಿಡದಂತೆ ಹಾಕುವ ಹೊಲಿಗೆಯನ್ನು ಸಿಸ್ಟರುಗಳು ಮೇಜುಬಟ್ಟೆಗೆಂದು ಕಲಿಸಿದ್ದರು. ದಬ್ಬಳದಲ್ಲಿ ಅದನ್ನೇ ಹಾಕಿದೆ. ಐದು ಲಾರಿಗೂ ಹೊಲಿದೆ. ಎರಡಕ್ಕೆ ಇನ್ನೂ ಡ್ರೈವರ್ ಇರಲಿಲ್ಲ.